ಎರಡನೇ ಕಾರ್ಡಿನ ಖರೀದಿಗಳು

ಅಕ್ಕ ಮನೆ ಬಿಟ್ಟು ಹೋಗಿ ಮೂರು ವರ್ಷ ಎರಡು ತಿಂಗಳಾದ ಮೇಲೆ ಮೊದಲ ಲಕೋಟೆ ಬಂತು. ಅನಂತರ ತಿಂಗಳಿಗೊಂದರಂತೆ ಇನ್ನೂ ಏಳು ಬಂದವು. ಎಂಟನೆಯದು ಬಂದ ಹತ್ತನೇ ದಿನ, ಗುರುವಾರ ಸಂಜೆ ಐದೂ ನಲವತ್ತಕ್ಕೆ, ನಾನು ರೈಲು ನಿಲ್ದಾಣದ ಪಕ್ಕದ ದಿನಸಿ ಅಂಗಡಿಯಲ್ಲಿ ಶಾಂಪೂ ಬಾಟಲಿಗಳ ಕಪಾಟಿನ ಮುಂದೆ ನಿಂತಿದ್ದೆ. ನಡುವಿನ ಸಂಗತಿಗಳನ್ನು ಅವು ನಡೆದ ಕ್ರಮದಲ್ಲೇ ಹೇಳುತ್ತೇನೆ, ಏಕೆಂದರೆ ನನ್ನ ತಪ್ಪು ಬೆಳೆದದ್ದೂ ಅದೇ ಕ್ರಮದಲ್ಲಿ.

ಅಪ್ಪ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವರು. ಗಾಜಿನ ಅಂಚು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಕಿಕೊಂಡವರಿಗೆ ತಲೆ ಸುತ್ತುತ್ತದೆ ಎಂಬುದು ಅವರ ವೃತ್ತಿಯ ಮೊದಲ ಪಾಠ. ಆ ಪಾಠವನ್ನು ಅವರು ದಿನಸಿಗೂ ಅನ್ವಯಿಸಿದ್ದರು. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹತ್ತು ವರ್ಷ, ನನಗೆ ನಾಲ್ಕು. ಅಜ್ಜಿಯೂ ಸೇರಿ ನಾಲ್ಕು ಹೊಟ್ಟೆಗಳು, ಒಂದು ಸಂಬಳ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅಪ್ಪ ಕಾಲು ಮಡಚಿಕೊಂಡೇ ಮಲಗುವುದನ್ನು ಅಭ್ಯಾಸ ಮಾಡಿದರು, ಹಾಸಿಗೆ ಉದ್ದವಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಪತ್ರಿಕೆಗಳಿಂದ ಕೂಪನ್‌ಗಳನ್ನು ಕತ್ತರಿಸುತ್ತಿದ್ದರು. ಮೂರು ತಗಡಿನ ಡಬ್ಬಿಗಳು: ಈ ವಾರ ಮುಗಿಯುವವು, ಈ ತಿಂಗಳು ಮುಗಿಯುವವು, ಉಳಿದವು. ಒಂದೇ ವಸ್ತುವಿಗೆ ಎರಡು ಕೂಪನ್‌ಗಳಿದ್ದರೆ ಯಾವುದನ್ನು ಮೊದಲು ಕೊಡಬೇಕೆಂಬುದಕ್ಕೂ ನಿಯಮವಿತ್ತು. ಶೇಕಡಾ ಲೆಕ್ಕದ್ದು ಮೊದಲು, ಇಂತಿಷ್ಟು ಎಂದು ಕಡಿಯುವುದು ಆಮೇಲೆ. ನೂರರ ವಸ್ತುವಿಗೆ ಹತ್ತು ಶೇಕಡಾ ಕಳೆದು ಬಳಿಕ ಇಪ್ಪತ್ತು ಕಳೆದರೆ ಎಪ್ಪತ್ತು. ತಿರುಗಿಸಿ ಮಾಡಿದರೆ ಎಪ್ಪತ್ತೆರಡು. ಗಣಿತದಲ್ಲಿ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ ಎಂಬುದನ್ನು ನಾನು ಶಾಲೆಗಿಂತ ಮೊದಲು ಬಿಲ್ ಕೌಂಟರಿನಲ್ಲಿ ಕಲಿತೆ. ಕೆಲವು ಕಂಪನಿಗಳು ಐದು ಲೇಬಲ್ ಕಳಿಸಿದವರಿಗೆ ಒಂದರ ಬೆಲೆಯನ್ನು ಹಿಂತಿರುಗಿಸುತ್ತಿದ್ದವು. ಹಾಗಾಗಿ ಸಾಬೂನು, ಎಣ್ಣೆ, ಉಪ್ಪಿನ ಬಾಟಲಿಗಳೆಲ್ಲ ಮನೆಗೆ ಬಂದ ದಿನವೇ ನೀರಿನಲ್ಲಿ ನೆನೆಯುತ್ತಿದ್ದವು. ಬಿಡಿಸಿದ ಲೇಬಲ್‌ಗಳು ಗಾಜು ಇಡುವ ತಟ್ಟೆಗಳ ಮೇಲೆ ಒಣಗುತ್ತಿದ್ದವು. ಯಾರಾದರೂ ಮನೆಗೆ ಬಂದಾಗ ಅಜ್ಜಿ, ‘ನಮ್ಮನೆ ಬಾಟಲಿಗಳ ಮೈಮೇಲೆ ಬಟ್ಟೆ ಇರಲ್ಲ, ಅಡುಗೆಮನೆಗೆ ಕೆಮ್ಮಿ ಬನ್ನಿ’ ಎನ್ನುತ್ತಿದ್ದರು.

ಆ ದಿನಸಿ ಅಂಗಡಿಗೆ ಊರಿನಲ್ಲಿ ನಾಲ್ಕು ಶಾಖೆಗಳು. ಸದಸ್ಯರಾದ ಕುಟುಂಬಕ್ಕೆ ಎರಡು ಕಾರ್ಡ್‌ಗಳನ್ನು ಕೊಡುತ್ತಾರೆ. ಮೊದಲನೆಯದು ಅಪ್ಪನದು. ಎರಡನೆಯದನ್ನು ಅಕ್ಕನಿಗೆ ಹದಿನೆಂಟು ತುಂಬಿದಾಗ ಅವಳ ಹೆಸರಿನಲ್ಲಿ ಮಾಡಿಸಿದರು. ಯಾವ ಕಾರ್ಡಿನಲ್ಲಿ ಏನನ್ನು ಹೆಚ್ಚು ಕೊಳ್ಳುತ್ತಾರೋ ಅದಕ್ಕೇ ಕೂಪನ್ ಅಚ್ಚು ಹಾಕಿ, ತಿಂಗಳ ಮೊದಲ ವಾರ ಆಯಾ ಹೆಸರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಅಕ್ಕನಿಗೆ ತನ್ನ ಪೂರ್ತಿ ಹೆಸರಿನಲ್ಲಿ ಬಂದ ಮೊದಲ ಕಾಗದ ಅಂಥದೊಂದು ಲಕೋಟೆಯೇ. ಅದರ ಮೇಲಿನ ಹೆಸರನ್ನು ಕತ್ತರಿಸಿ ಅವಳು ಕನ್ನಡಿಯ ಮೂಲೆಗೆ ಅಂಟಿಸಿಕೊಂಡಿದ್ದಳು.

ಅಕ್ಕನ ಕೂದಲು ಗುಂಗುರು. ಮೊದಲ ಸಂಬಳ ಬಂದ ದಿನ ಅವಳು ಗುಂಗುರು ಕೂದಲಿಗೆಂದೇ ಮಾಡಿದ ಶಾಂಪೂವೊಂದನ್ನು, ನೀಲಿ ಮುಚ್ಚಳದ್ದು, ಕೂಪನ್ ಇಲ್ಲದೆ, ಪೂರ್ತಿ ಬೆಲೆ ಕೊಟ್ಟು ತಂದಳು. ಬಿಲ್ಲನ್ನು ಮೇಜಿನ ಮೇಲೆ ಬಿಟ್ಟಿದ್ದಳು. ಮರುದಿನ ಬೆಳಿಗ್ಗೆ ಅಪ್ಪ ಬಾಟಲಿಯನ್ನೂ ಬಿಲ್ಲನ್ನೂ ತೆಗೆದುಕೊಂಡು ಹೋಗಿ ಅಂಗಡಿಗೆ ಹಿಂತಿರುಗಿಸಿ, ಬಂದ ಹಣವನ್ನು ಅದೇ ಮೇಜಿನ ಮೇಲೆ, ನೋಟುಗಳ ಮೇಲೆ ಚಿಲ್ಲರೆ ಹೇರಿ, ಅಚ್ಚುಕಟ್ಟಾಗಿ ಇಟ್ಟರು.

‘ಅದು ನನ್ನ ದುಡ್ಡು ಅಪ್ಪ’ ಎಂದಳು ಅಕ್ಕ.

‘ನಿನ್ನದೇ, ಅದಕ್ಕೇ ಅಲ್ಲಿಟ್ಟಿದೀನಿ. ಮುಂದಿನ ವಾರ ಕೂಪನ್ ಬರುತ್ತೆ, ಆಗ ತಗೋ. ಅದೇ ಬಾಟಲಿ, ಅದೇ ನೊರೆ.’

ಅವರಿಗೆ ಕೋಪ ಬಂದಿರಲಿಲ್ಲ. ಬಂದಿದ್ದರೆ ಜಗಳವಾಗಿ ಮುಗಿಯುತ್ತಿತ್ತೇನೋ. ಒಂಬತ್ತನೇ ದಿನ ಅಕ್ಕ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆಯೆಂದು ಹೇಳಿ ಹೊರಟಳು. ವಿಳಾಸ ಕೊಡಲಿಲ್ಲ. ಫೋನಿನ ಸಂಖ್ಯೆ ಬದಲಾಯಿತು. ‘ಚೆನ್ನಾಗಿದೀನಿ, ಹುಡುಕಬೇಡಿ’ ಎಂದು ಒಂದು ಸಂದೇಶ ಬಂತು, ಅಷ್ಟೇ. ಒಂದು ಬಾಟಲಿಗಾಗಿ ಯಾರೂ ಮನೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತು. ಹದಿನಾಲ್ಕು ವರ್ಷ ಪ್ರತಿಯೊಂದಕ್ಕೂ ‘ಮುಂದಿನ ವಾರ’ ಎಂದು ಕೇಳಿಸಿಕೊಂಡವಳು ಅವಳು. ಬೆಕ್ಕು ಸಾಕುತ್ತೇನೆಂದಾಗಲೂ ಅವಳಿಗೆ ಸಿಕ್ಕಿದ್ದು ಅದೇ ಉತ್ತರ. ಮೇಜಿನ ಮೇಲಿನ ಹಣವನ್ನು ಅವಳು ಮುಟ್ಟಿರಲಿಲ್ಲ. ಅವಳು ಹೋಗಿ ವಾರ ಕಳೆದ ಮೇಲೆ ಅಜ್ಜಿ ಅದನ್ನು ಎತ್ತಿ ಖಾಲಿ ಉಪ್ಪಿನ ಬಾಟಲಿಯೊಳಗೆ ಹಾಕಿಟ್ಟರು. ಕಾರ್ಡ್‌ಗಳನ್ನು ತೂಗುಹಾಕುತ್ತಿದ್ದ ಬಾಗಿಲ ಬಳಿಯ ಮೊಳೆಯಲ್ಲಿ ಎರಡರ ಬದಲು ಒಂದೇ ಇತ್ತು, ಅಕ್ಕ ಕೆಂಪು ದಾರ ಕಟ್ಟಿದ್ದ ಕಾರ್ಡ್ ಇರಲಿಲ್ಲ. ಅಕ್ಕ ತನ್ನದನ್ನು ತೆಗೆದುಕೊಂಡು ಹೋಗಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಈ ತೀರ್ಮಾನವನ್ನು ನಾನು ಎಂದೂ ಪರೀಕ್ಷಿಸಲಿಲ್ಲ.

ಬಳಸದ ಕಾರ್ಡಿಗೆ ಲಕೋಟೆ ಬರುವುದಿಲ್ಲ. ಮೂರು ವರ್ಷ ಅಕ್ಕನ ಹೆಸರಿಗೆ ಏನೂ ಬರಲಿಲ್ಲ. ಆ ಅವಧಿಯಲ್ಲಿ ನಾನು ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ, ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಅಜ್ಜಿ ಬಾಗಿಲು ಹಾಕಿ, ದಿಂಬಿನ ಕೆಳಗಿನಿಂದ ಆ ಬಿಳಿ ಲಕೋಟೆಯನ್ನು ತೆಗೆದರು. ಅವರಿಗೆ ಓದಲು ಕನ್ನಡಕ ಬೇಕು. ಆದರೂ ಹೆಸರನ್ನು ಬೆರಳಿನಿಂದ ಸವರಿ, ‘ಇದು ಅವಳದೇ ಅಲ್ವಾ ಮಗು?’ ಎಂದರು.

ಒಳಗೆ ಒಂದು ಹಾಳೆ. ಕಳೆದ ತಿಂಗಳ ಖರೀದಿ: ಗುಂಗುರು ಕೂದಲಿನ ಶಾಂಪೂ, ಒಂದು. ಬಳಸಿದ ಕೂಪನ್: ಇಲ್ಲ. ಶಾಖೆ: ರೈಲು ನಿಲ್ದಾಣ. ಕೆಳಗೆ ಅದೇ ಶಾಂಪೂಗೆ ಮುಂದಿನ ಸಲ ಇಪ್ಪತ್ತು ಶೇಕಡಾ ಕಡಿತದ ಕೂಪನ್. ಅಕ್ಕ ಬೇರೆ ಊರಿನಲ್ಲಿಲ್ಲ, ಇದೇ ಊರಿನಲ್ಲಿದ್ದಾಳೆ. ನಮ್ಮ ಮನೆಗೂ ಅವಳಿಗೂ ನಡುವೆ ಹನ್ನೊಂದು ಬಸ್ ನಿಲುಗಡೆಗಳಷ್ಟೇ ಇವೆ. ಆ ರಾತ್ರಿ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಅಪ್ಪನಿಗೆ ಹೇಳಬಾರದೆಂದು ನಾವಿಬ್ಬರೂ ನಿರ್ಧರಿಸಿದೆವು. ಸದಸ್ಯತ್ವ ಅಪ್ಪನ ಹೆಸರಿನಲ್ಲಿತ್ತು. ಎರಡನೇ ಕಾರ್ಡನ್ನು ರದ್ದು ಮಾಡಲು ಅವರ ಒಂದು ಸಹಿ ಸಾಕು. ಅಕ್ಕ ಹೋದ ಮೇಲೆ ಅವರು ಅವಳ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ‘ಅವನು ಬಾಯಿಗೆ ಬೀಗ ಹಾಕ್ಕೊಂಡು ಬೀಗದ ಕೈ ನುಂಗಿದಾನೆ’ ಎಂದರು ಅಜ್ಜಿ. ‘ಸುಮ್ನಿರು. ಬೆಕ್ಕಿಗೆ ಇಲಿಯ ಬಿಲ ತೋರಿಸಬೇಡ.’

ನಾನು ಒಂದು ಟಿಪ್ಪಣಿ ಪುಸ್ತಕ ತೆರೆದೆ. ಪ್ರಯೋಗಾಲಯದಲ್ಲಿ ಮಾಡುವಂತೆ ಪ್ರತಿ ಅಂಶದ ಮುಂದೆ ಖಚಿತ, ಸಂಭವ, ಊಹೆ ಎಂದು ಗುರುತು ಹಾಕಿದೆ. ಎರಡನೇ ತಿಂಗಳ ಹಾಳೆಯಲ್ಲಿ ಮತ್ತೆ ಅದೇ ಶಾಂಪೂ, ಒಂದು. ಮೂರು ಮತ್ತು ನಾಲ್ಕನೆಯವುಗಳಲ್ಲಿ ತಿಂಗಳಿಗೆ ಎರಡೆರಡು, ಜೊತೆಗೆ ಒಬ್ಬರಿಗೆ ಸಾಲುವ ಸೂಪಿನ ಪುಡಿಯ ಪೊಟ್ಟಣಗಳು. ಒಬ್ಬಳೇ ಇದ್ದಾಳೆ, ಸಂಭವ. ಐದನೆಯದರಲ್ಲಿ ಬೆಕ್ಕಿನ ಆಹಾರ ಕಾಣಿಸಿಕೊಂಡಿತು. ಬೆಕ್ಕು ಸಾಕಿದ್ದಾಳೆ, ಖಚಿತ. ಅದರ ಕೆಳಗೆ ಎರಡು ಗೆರೆ ಎಳೆದೆ. ಅಜ್ಜಿಗೆ ಹೇಳಿದಾಗ ಅವರು ಬೆಕ್ಕಿನ ಬಣ್ಣ ಯಾವುದು ಎಂದು ಕೇಳಿದರು. ಹಾಳೆಯಲ್ಲಿ ಅದನ್ನು ಹಾಕಿಲ್ಲ ಎಂದೆ. ಬೂದು ಇರಬೇಕು, ಅವಳಿಗೆ ಬೂದು ಬಣ್ಣವೇ ಇಷ್ಟ ಎಂದು ಅವರೇ ತೀರ್ಮಾನಿಸಿದರು, ನಾನು ಅದನ್ನು ಊಹೆ ಎಂದು ದಾಖಲಿಸಿದೆ.

ಐದನೇ ತಿಂಗಳಿನಿಂದ ಶಾಂಪೂ ತಿಂಗಳಿಗೆ ನಾಲ್ಕಾಯಿತು, ವಾರಕ್ಕೊಂದು.

‘ನಾಲ್ಕು ಬಾಟಲಿನಾ?’ ಎಂದರು ಅಜ್ಜಿ. ‘ಇವಳು ತಲೆ ತೊಳೀತಾಳೋ, ಕುದುರೆ ತೊಳೀತಾಳೋ?’

ನಾನೂ ನಕ್ಕೆ. ನೀರಿನ ಮಾದರಿಯಲ್ಲಿ ಇಂಥ ಅಂಕಿ ಬಂದಿದ್ದರೆ ಉಪಕರಣವನ್ನು ಬಿಚ್ಚಿ ನೋಡುತ್ತಿದ್ದೆ. ಇಲ್ಲಿ ಮಾತ್ರ, ಕೂದಲು ಇನ್ನೂ ಉದ್ದ ಬಿಟ್ಟಿರಬಹುದು, ಸಂಬಳ ಹೆಚ್ಚಿರಬಹುದು, ಸಂಭವ, ಎಂದು ಬರೆದೆ. ಆಸೆಗೆ ಒಪ್ಪುವ ಅಂಕಿಯನ್ನು ಯಾರೂ ಮರುಪರೀಕ್ಷೆಗೆ ಕಳಿಸುವುದಿಲ್ಲ.

ಅಕ್ಕನಿಗೆ ಬರುವ ಕೂಪನ್‌ಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು, ಅವಳು ಅಲ್ಲಿ ಪೂರ್ತಿ ಬೆಲೆ ಕೊಡುತ್ತಿದ್ದಳು. ಇದು ನನಗೆ ನೋವಿನ ಸಂಗತಿಯಾಗಿತ್ತು. ಅವುಗಳನ್ನು ನಾನು ಅಪ್ಪನ ಪದ್ಧತಿಯಲ್ಲೇ ಕತ್ತರಿಸಿ, ಗಡುವಿನ ಪ್ರಕಾರ ಜೋಡಿಸಿ, ಲಕೋಟೆಗಳ ಸಮೇತ ಚಪ್ಪಲಿಯ ಹಳೆಯ ಪೆಟ್ಟಿಗೆಯಲ್ಲಿಟ್ಟೆ. ಒಂದು ದಿನ ಅವಳಿಗೆ ಪೆಟ್ಟಿಗೆಯನ್ನೇ ಕೊಡುವುದು. ‘ನೋಡು, ಎಷ್ಟು ಕಳಕೊಂಡೆ’ ಎಂದು ಛೇಡಿಸುವುದು. ಅವಳು ‘ಅಪ್ಪನ ಮಗಳು’ ಎಂದು ನನ್ನ ತಲೆಗೆ ಮೊಟಕುವುದು. ಬಸ್ಸಿನಲ್ಲಿ ಕುಳಿತಾಗಲೆಲ್ಲ ಈ ಮೂರನ್ನೂ ಇದೇ ಕ್ರಮದಲ್ಲಿ ಕಲ್ಪಿಸಿಕೊಳ್ಳುತ್ತಿದ್ದೆ. ಗಡುವು ಮುಗಿದ ಕೂಪನ್‌ಗಳನ್ನು ಎಸೆಯಲಿಲ್ಲ. ಅಪ್ಪ ಕಂಡಿದ್ದರೆ ಇದೊಂದನ್ನು ಕ್ಷಮಿಸುತ್ತಿರಲಿಲ್ಲ.

ಅಪ್ಪನ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಅವರು ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರುತ್ತಿದ್ದರು. ಗುರುವಾರ ಗಾಜಿನ ಹೊಸ ಪೆಟ್ಟಿಗೆ ಬರುತ್ತದೆಂದು ತಡವಾಗಿ ಬರುತ್ತಿದ್ದರು. ಬಂದವರು ಚಪ್ಪಲಿ ಬಿಡುತ್ತಲೇ ‘ಟಪಾಲು ಏನಾದ್ರೂ ಬಂತಾ?’ ಎಂದು ಕೇಳುತ್ತಿದ್ದರು. ‘ಕರೆಂಟ್ ಬಿಲ್ಲು’ ಎಂದೋ ‘ಏನಿಲ್ಲ’ ಎಂದೋ ನಾನು ಹೇಳುತ್ತಿದ್ದೆ. ಅವರು ತಲೆಯಾಡಿಸಿ ಕೈ ತೊಳೆಯಲು ಹೋಗುತ್ತಿದ್ದರು. ಹಿಂದೆ ಅವರು ಹಾಗೆ ಕೇಳುತ್ತಿದ್ದರೇ ಎಂದು ನಾನು ಯೋಚಿಸಲಿಲ್ಲ. ನನ್ನ ಲೆಕ್ಕದಲ್ಲಿ ಅಪ್ಪ ಒಂದು ಸ್ಥಿರಾಂಕ. ಬದಲಾಗದ್ದನ್ನು ಅಳೆಯುವ ಪದ್ಧತಿ ಇಲ್ಲ.

ಎಂಟನೇ ಲಕೋಟೆ ಒಂದು ಸೋಮವಾರ ಬಂತು. ಅದರಲ್ಲಿ ಎರಡು ಹೊಸ ವಿಷಯಗಳಿದ್ದವು. ರೈಲು ನಿಲ್ದಾಣದ ಶಾಖೆ ಈ ತಿಂಗಳ ಕೊನೆಗೆ ಮುಚ್ಚುತ್ತದೆ, ಅಲ್ಲಿಯವರೆಗೆ ಎಲ್ಲ ವಸ್ತುಗಳಿಗೂ ನಲವತ್ತು ಶೇಕಡಾ ಕಡಿತ. ಮತ್ತು ಆ ಶಾಖೆಯ ಗ್ರಾಹಕರಿಗೆಂದು ಕಳೆದ ತಿಂಗಳ ಖರೀದಿಗಳ ದಿನ, ವೇಳೆಗಳನ್ನು ಮುದ್ರಿಸಿದ್ದರು: ನಾಲ್ಕೂ ಗುರುವಾರ, ನಾಲ್ಕೂ ಐದೂವರೆಯಿಂದ ಐದೂ ಮುಕ್ಕಾಲರ ನಡುವೆ. ಶಾಖೆ ಮುಚ್ಚಿದರೆ ಅವಳು ಬೇರೆ ಅಂಗಡಿಗೆ ಹೋಗುತ್ತಾಳೆ, ಆಗ ನನ್ನ ಕೈಯಲ್ಲಿರುವ ಒಂದೇ ಎಳೆಯೂ ಕಡಿಯುತ್ತದೆ. ಮೊದಲ ಗುರುವಾರ ರಜೆ ಸಿಗಲಿಲ್ಲ. ಎರಡನೆಯದಕ್ಕೆ ಸಿಕ್ಕಿತು. ಅಜ್ಜಿ ಉಪ್ಪಿನ ಬಾಟಲಿಯಿಂದ ಆ ನೋಟುಗಳನ್ನೂ ಚಿಲ್ಲರೆಯನ್ನೂ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಟ್ಟರು.

‘ಕೊಡು ಅವಳಿಗೆ. ಬೈಯಬೇಡ, ಅಳಬೇಡ. ಊಟಕ್ಕೆ ಬಾ ಅನ್ನು, ಸಾಕು.’

ಅಂಗಡಿಗೆ ನಾಲ್ಕೂವರೆಗೇ ಹೋದೆ. ಅರ್ಧದಷ್ಟು ಕಪಾಟುಗಳು ಖಾಲಿಯಾಗಿದ್ದವು. ಉಳಿದ ವಸ್ತುಗಳ ಮೇಲೆ ಹಳದಿ ಚೀಟಿ ಅಂಟಿಸಿದ್ದರು. ನೀಲಿ ಮುಚ್ಚಳದ ಶಾಂಪೂ ಐದು ಉಳಿದಿದ್ದವು. ಗುಂಗುರು ಕೂದಲಿನ ಹೆಂಗಸೊಬ್ಬಳು ಬಂದಳು. ನಡಿಗೆ ಅಕ್ಕನದೇ ಎನಿಸಿ ಎರಡು ಸಾಲು ದಾಟುವವರೆಗೆ ಹಿಂಬಾಲಿಸಿದೆ. ತಿರುಗಿದಾಗ ಬೇರೆ ಯಾರೋ. ಕ್ಷಮಿಸಿ ಎಂದು ಹೇಳಿ ಹಿಂದಕ್ಕೆ ಬಂದು, ಚಪ್ಪಲಿ ಪೆಟ್ಟಿಗೆಯಿದ್ದ ಚೀಲವನ್ನು ಎದೆಗವಚಿಕೊಂಡು, ಅವಳು ಬಂದರೆ ಮೊದಲ ಮಾತೇನು ಎಂದು ಅಭ್ಯಾಸ ಮಾಡುತ್ತ ಕಪಾಟಿನ ಕೊನೆಯಲ್ಲಿ ನಿಂತೆ.

ಐದೂ ನಲವತ್ತಕ್ಕೆ ಅಪ್ಪ ಬಂದರು.

ಮೊದಲ ಕ್ಷಣ ನನಗೆ ಹೊಳೆದದ್ದು ಒಂದೇ: ಅಪ್ಪನಿಗೆ ತಿಳಿದುಹೋಗಿದೆ, ಅಕ್ಕನನ್ನು ಹಿಡಿಯಲು ಬಂದಿದ್ದಾರೆ. ನಾನು ಹಿಂದಕ್ಕೆ ಸರಿದೆ. ಅವರು ಯಾರನ್ನೂ ಹುಡುಕಲಿಲ್ಲ. ನೇರವಾಗಿ ಬಂದು ಒಂದು ಬಾಟಲಿ ಎತ್ತಿಕೊಂಡರು. ಗಾಜನ್ನು ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು, ಮುಚ್ಚಳ ಬಿಗಿಯಾಗಿದೆಯೇ ನೋಡಿ, ಉಗುರಿನಿಂದ ಹಳದಿ ಚೀಟಿಯನ್ನು ಮೆಲ್ಲಗೆ ಕೆರೆದು ತೆಗೆದರು. ಲೇಬಲ್ ಬಿಡಿಸುವುದರಲ್ಲಿ ಪಳಗಿದ ಬೆರಳುಗಳು; ಕಲೆ ಉಳಿಯಲಿಲ್ಲ. ಅನಂತರ ಬೆಕ್ಕಿನ ಆಹಾರದ ಒಂದು ಪೊಟ್ಟಣ ಹಿಡಿದು ಕೌಂಟರಿಗೆ ಹೋದರು. ಜೇಬಿನಿಂದ ಕಾರ್ಡ್ ತೆಗೆದರು. ತೂತಿನಲ್ಲಿ ಇನ್ನೂ ಅಕ್ಕನ ಕೆಂಪು ದಾರವಿತ್ತು.

ಕೌಂಟರಿನ ಹೆಂಗಸಿಗೆ ಅವರ ಪರಿಚಯವಿತ್ತು.

‘ಯಜಮಾನ್ರೇ, ಇವತ್ತಾದ್ರೂ ಬುದ್ಧಿ ಬಂತಾ? ನಲವತ್ತು ಪರ್ಸೆಂಟ್ ಕಮ್ಮಿ ಇದೆ.’

‘ಬೆಕ್ಕಿಂದಕ್ಕೆ ಹಾಕಮ್ಮ. ಇದಕ್ಕೆ ಬೇಡ.’

‘ಊರೆಲ್ಲ ಕಮ್ಮಿ ಮಾಡಿ ಕಮ್ಮಿ ಮಾಡಿ ಅಂತ ಜೀವ ತಿಂತಾರೆ. ನೀವೊಬ್ರು ಹೆಚ್ಚು ತಗೋ ಅಂತ ಜೀವ ತಿಂತೀರಿ.’

‘ಇದಕ್ಕೆ ಪೂರ್ತಿ ಹಾಕು’ ಎಂದರು ಅಪ್ಪ.

ಬಿಲ್ಲನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು ತಿರುಗಿದಾಗ ನಾನು ಎದುರಿಗೇ ಇದ್ದೆ. ಅವರು ಬಾಟಲಿಯನ್ನು ಚೀಲದೊಳಗೆ ಇಳಿಸಲು ನೋಡಿದರು, ಆಗಲಿಲ್ಲ. ಅವರ ಕಣ್ಣು ನನ್ನ ಮುಖದಿಂದ ಜಾರಿ ನನ್ನ ಹಿಂದೆ, ಬಾಗಿಲವರೆಗೆ ಹೋಗಿ ಹಿಂತಿರುಗಿತು.

‘ಒಬ್ಬಳೇ ಬಂದ್ಯಾ?’

‘ಹೂಂ ಅಪ್ಪ. ಒಬ್ಬಳೇ.’

ಇಬ್ಬರೂ ನಡೆದು ಅವರ ಕೆಲಸದ ಕೋಣೆಗೆ ಹೋದೆವು. ದಾರಿಯುದ್ದಕ್ಕೂ ಅವರೇ ಮಾತಾಡಿದರು, ರಸ್ತೆಯನ್ನು ನೋಡುತ್ತ. ಕಾರ್ಡನ್ನು ಅಕ್ಕ ಒಯ್ದಿರಲಿಲ್ಲ. ಮೇಜಿನ ಮೇಲೆ, ಆ ಹಣದ ಪಕ್ಕದಲ್ಲೇ ಬಿಟ್ಟು ಹೋಗಿದ್ದಳು. ಅವರು ಎತ್ತಿಟ್ಟುಕೊಂಡಿದ್ದರು. ಮೂರು ವರ್ಷ ಬಳಸದ ಕಾರ್ಡಿನ ಹೆಸರನ್ನು ತೆಗೆದುಹಾಕುತ್ತೇವೆಂದು ಅಂಗಡಿಯವರು ಅವರ ಲಕೋಟೆಯಲ್ಲಿ ಒಂದು ಸೂಚನೆ ಕಳಿಸಿದ್ದರು. ಅದನ್ನು ಓದಿದ ಗುರುವಾರವೇ ಅವರು ಮೊದಲ ಬಾಟಲಿ ಕೊಂಡದ್ದು. ಮನೆಯ ಹತ್ತಿರದ ಶಾಖೆ ಏಕೆ ಬೇಡವಾಯಿತು ಎಂದು ಕೇಳಿದೆ. ಅಲ್ಲಿ ಎಲ್ಲರೂ ತಮ್ಮನ್ನು ಬಲ್ಲರು, ಕೂಪನ್ ಇಲ್ಲದೆ ಏನಾದರೂ ಕೊಂಡರೆ ಜ್ವರ ಬಂದಿದೆಯೆಂದು ಮನೆಗೆ ಹೇಳಿ ಕಳಿಸುತ್ತಾರೆ ಎಂದರು.

‘ಕಾರ್ಡ್ ಬಳಸಿದ್ರೆ ಅವಳ ಹೆಸರಿಗೆ ಕಾಗದ ಬರುತ್ತೆ ಅಂದ್ರು’ ಎಂದರು, ಬೀಗ ತೆಗೆಯುತ್ತ. ‘ಬರಲಿಲ್ಲ. ಕಮ್ಮಿ ಆಯ್ತೇನೋ ಅಂತ ಎರಡು ತಗೊಂಡೆ. ಆಗಲೂ ಬರಲಿಲ್ಲ. ಆಮೇಲೆ ವಾರ ವಾರ ತಗೊಂಡೆ. ಬಾಗಿಲಲ್ಲಿ ಅವಳ ಹೆಸರು ಬಿದ್ದಿರೋದನ್ನ ಒಂದು ಸಲ ನೋಡ್ಬೇಕಿತ್ತು, ಅಷ್ಟೇ.’

ನಾನು ಚೀಲದಿಂದ ಎಂಟು ಲಕೋಟೆಗಳನ್ನು ತೆಗೆದು ಉಜ್ಜುವ ಯಂತ್ರದ ಪಕ್ಕದಲ್ಲಿಟ್ಟೆ. ಅವರು ಕೇಳುತ್ತಿದ್ದ ಪ್ರಶ್ನೆಗೆ ಎಂಟು ತಿಂಗಳು ನಾನು ಕೊಟ್ಟ ಉತ್ತರ ಅಲ್ಲಿ ಸಾಲಾಗಿ ಮಲಗಿತ್ತು. ಅಪ್ಪ ಬೈಯಲಿಲ್ಲ. ದೀಪ ಹಾಕಿ, ಗಾಜಿನ ಗೆರೆ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮೊದಲ ಲಕೋಟೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಎರಡನೆಯದನ್ನೂ ಓದಿದರು. ಎಂಟನ್ನೂ ಓದಿದರು. ಕಿಟಕಿಯ ಹೊರಗೆ ಒಂದು ಬೆಕ್ಕು ಕಾಯುತ್ತಿತ್ತು, ಬಣ್ಣ ಕಂದು. ಮೂಲೆಯ ಸ್ಟವ್ ಮೇಲೆ, ಅವರಿಗೆ ಸೇರುವುದಿಲ್ಲವೆಂದು ನಾನು ನಂಬಿದ್ದ ಸೂಪಿನ ಪಾತ್ರೆಯನ್ನು ತೊಳೆದು ಬೋರಲು ಹಾಕಿತ್ತು.

‘ಅವಳು ಎಲ್ಲಿದಾಳೆ ಅಂತ ಇದರಲ್ಲಿ ಏನಾದ್ರೂ ಇದೆಯಾ?’ ಎಂದು ಕೇಳಿದರು.

‘ಇಲ್ಲ ಅಪ್ಪ.’

ಅವರು ಎದ್ದು, ಗಾಜಿನ ಅಚ್ಚುಗಳನ್ನಿಡುವ ಎತ್ತರದ ಬೀರುವಿನ ಬಾಗಿಲು ತೆರೆದು, ಇಂದಿನ ಬಾಟಲಿಯನ್ನು ಉಳಿದವುಗಳ ಪಕ್ಕದಲ್ಲಿಟ್ಟರು. ನಾನು ಎಣಿಸಿದೆ, ಬಿಲ್ಲುಗಳೊಡನೆ ತಾಳೆ ನೋಡಿದೆ. ನೀಲಿ ಮುಚ್ಚಳದ ಬಾಟಲಿಗಳು ಇಪ್ಪತ್ತನಾಲ್ಕು. ಯಾವುದನ್ನೂ ತೆರೆದಿಲ್ಲ, ಯಾವುದರ ಲೇಬಲ್ಲನ್ನೂ ಬಿಡಿಸಿಲ್ಲ. ಇಪ್ಪತ್ತನಾಲ್ಕೂ ಪೂರ್ತಿ ಬೆಲೆಗೆ ಕೊಂಡವು.